ನೀರಿನ ಟ್ಯಾಂಕಿನ ಹಿಂದೆ ಹುಟ್ಟಿದವರು

ಜನವರಿ ೧೨

ಗುಬ್ಬೀ,

ನೀನು ಕಳಿಸಿದ ಫಾರಂ ತುಂಬಿದ್ದೇನೆ, ಇದರ ಜೊತೆಗೇ ಇದೆ. ಹನ್ನೊಂದು ದಿನ ಹಿಡಿಯಿತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಯಲ್ಲಿ ಇಂಥದ್ದು ಬರೆಸುತ್ತದಲ್ಲ, ನಿನ್ನ ಇಲಾಖೆಗೆ ಬುದ್ಧಿ ಇಲ್ಲ. ಗೆರೆ ಎಳೆಯಲು ಸ್ಕೇಲು ಸಿಗಲಿಲ್ಲ, ಸೌಟಿನ ಹಿಡಿ ಇಟ್ಟು ಎಳೆದೆ. ಎರಡನೇ ಹಾಳೆಯಲ್ಲಿ ಗಂಜಿಯ ಕಲೆ ಇದೆ. ನಿನ್ನ ಸಾಹೇಬರು ಮೂಗು ಮುರಿದರೆ, ಗಂಜಿ ಕೇಂದ್ರದಿಂದ ಬಂದ ಕಾಗದಕ್ಕೆ ಅತ್ತರಿನ ವಾಸನೆ ಬರುವುದಿಲ್ಲ ಎಂದು ಹೇಳು.

ಐದನೇ ಕಾಲಮ್ಮಿಗೇ ಹೆಚ್ಚು ಹೊತ್ತು ಹೋಯಿತು. ‘ಹುಟ್ಟಿದ್ದು ಎಲ್ಲಿ’ ಎಂಬುದು. ಗಡಿಯಾಚೆಯಿಂದ ಬಂದವರು ಫಾರಂ ಕಂಡರೆ ತಟ್ಟೆ ಬಿಟ್ಟು ಓಡುತ್ತಾರೆ. ಒಬ್ಬೊಬ್ಬರ ಶೆಡ್ಡಿಗೂ ನಾನೇ ಹೋದೆ. ಮಂಡಿ ನೋವಿನಲ್ಲಿ ಆ ಏರು ಹತ್ತಿದೆ. ಬೈದು ಕೂರಿಸಿದೆ. ಸಹಿ ನನ್ನ ತಮ್ಮನದು, ನಾನು ಎತ್ತಿ ಆಡಿಸಿದವನು, ತಲೆ ಹೆಚ್ಚು ಬರೆದಷ್ಟೂ ಚೀಲ ಹೆಚ್ಚು ಬರುತ್ತದೆ, ಬಾಯಿ ಬಿಡಿ ಅಂದೆ. ಮೂವತ್ತೆರಡು ವರ್ಷದಿಂದ ಇಲ್ಲಿ ಬಡಿಸುತ್ತ ನಾನು ಕಂಡಿರುವುದು ಅದೇ. ಲೆಕ್ಕ ಸರಿಯಾಗಿ ಕಳಿಸಿದ ತಿಂಗಳ ಮುಂದಿನ ತಿಂಗಳು ಗಂಜಿ ಗಟ್ಟಿಯಾಗುತ್ತದೆ.

ಹೀಗೆ ನಲವತ್ತೊಂದು ಮನೆಯವರು ಬಾಯಿ ಬಿಟ್ಟರು. ಕೊನೆಯವಳು ಗಾರೆ ಕೆಲಸದವಳು, ಗಂಡನಿಲ್ಲ, ಆರು ವರ್ಷದ ಮಗಳಿದ್ದಾಳೆ, ಎರಡು ಜಡೆ ಹಾಕಿಕೊಂಡು ಬರುತ್ತಾಳೆ. ನಮ್ಮ ಕೇಂದ್ರದ ಹೊಸ ಗೋಡೆಗೆ ಗಾರೆ ಬಳಿದವಳು ಇವಳೇ. ಗೋಡೆ ಕನ್ನಡಿಯ ಹಾಗಿದೆ. “ಅಕ್ಕಾ, ನೀವು ಬರ್ಕೊಳ್ತೀರ ಅಂದ್ರೆ ಹೇಳ್ತೀನಿ, ಬೇರೆಯವರಾಗಿದ್ರೆ ಹೇಳ್ತಿರ್ಲಿಲ್ಲ” ಅಂದಳು. ಅವರ ಮಾತಿನ ಎಳೆತ ಇಲ್ಲಿಯವರಿಗೆ ನಗು ತರಿಸುತ್ತದೆ. ನನಗೆ ನಗು ಬರುವುದಿಲ್ಲ.

ದೊಡ್ಡ ಹಂಡೆ ಒಂದು ಮಂಜೂರು ಮಾಡಿಸು. ಈಗಿನದರ ತಳಕ್ಕೆ ಎರಡು ಸಲ ಬೆಸುಗೆ ಹಾಕಿಸಿದ್ದೇನೆ. ನಿನ್ನ ಹೆಂಡತಿಯ ಕೆಮ್ಮು ಹೋಯಿತೇ?

ನಿನ್ನ ಅಕ್ಕ

*

ಜನವರಿ ೨೪

ಅಕ್ಕಾ,

ಫಾರಂ ಬಂತು. ಇಷ್ಟು ಚೊಕ್ಕವಾಗಿ ಯಾವ ಊರಿನಿಂದಲೂ ಬಂದಿಲ್ಲ. ಸಾಹೇಬರು ಅದನ್ನು ಎಲ್ಲರಿಗೂ ತೋರಿಸಿ, ಪಟ್ಟಿ ಎಂದರೆ ಹೀಗಿರಬೇಕು ಎಂದರು. ನಕಲು ತೆಗೆಸಿ ಉಳಿದ ಕೇಂದ್ರಗಳಿಗೆ ಮಾದರಿಯಾಗಿ ಕಳಿಸಿದ್ದೇವೆ. ನನ್ನ ಅಕ್ಕ ಬರೆದದ್ದು ಎಂದು ನಾನು ಹೇಳಲಿಲ್ಲ, ಇಲ್ಲಿ ಹಾಗೆಲ್ಲ ಹೇಳುವ ಹಾಗಿಲ್ಲ.

ಹಂಡೆಯ ವಿಷಯ ಮುಂದೆ ನೋಡೋಣ. ಸದ್ಯ ಅದರ ಅಗತ್ಯ ಬೀಳಲಿಕ್ಕಿಲ್ಲ.

ಅವಳ ಕೆಮ್ಮು ವಾಸಿಯಾಗಿದೆ. ಮಂಡಿಗೆ ಮುಲಾಮು ಕಳಿಸುತ್ತೇನೆ. ಏರು ಹತ್ತಬೇಡ.

ನಿನ್ನ ತಮ್ಮ

*

ಮಾರ್ಚ್ ೩

ಗುಬ್ಬೀ,

ನಿನ್ನ ಮುಲಾಮು ಬಂದಿದೆ. ಡಬ್ಬಿ ತೆಗೆದಿಲ್ಲ.

ನಮ್ಮ ಕೇಂದ್ರದ ಇನ್ಸ್‌ಪೆಕ್ಟರನನ್ನು ನೀನು ನೋಡಿಲ್ಲ. ಎಲ್ಲರೂ ಅವನಿಗೆ ಕನ್ನಡಕ ಎನ್ನುತ್ತಾರೆ. ಮೊನ್ನೆ ಬೆಳಿಗ್ಗೆ ಬಂದವನೇ ಒಂದು ಬಟ್ಟಲು ಅಂಟು ಕಾಯಿಸಿಕೊಡಿ ಅಂದ. ಯಾವುದಕ್ಕೋ ಏನೋ ಎಂದು ಎರಡು ಹಿಡಿ ಹಿಟ್ಟು ಹಾಕಿ, ಗಂಟು ಕಟ್ಟದ ಹಾಗೆ ತಿರುವಿ ಕೊಟ್ಟೆ. ಆ ಅಂಟು ಬಳಿದು, ಗಾರೆಯವಳು ಬಳಿದ ಗೋಡೆಯ ಮೇಲೆ ನಿನ್ನ ನೋಟಿಸು ಅಂಟಿಸಿದ. ಇಲ್ಲಿ ಹುಟ್ಟಿದ ಚೀಟಿ ಇಲ್ಲದವರಿಗೆ ಇಂದಿನಿಂದ ಊಟವಿಲ್ಲ. ಕೆಳಗೆ ನಿನ್ನ ಸಹಿ. ಬಾಲ ಎಳೆದು ಚುಕ್ಕೆ ಇಡುತ್ತೀಯಲ್ಲ, ಅದೇ ಸಹಿ. ಅಂಟಿಗೆ ಹಿಟ್ಟಿದೆ, ಹೊಟ್ಟೆಗಿಲ್ಲ. ಇದು ಯಾವ ಸೀಮೆಯ ಸರ್ಕಾರವೋ.

ಮುಂದೆ ಕೇಳು. ಎಲ್ಲರೂ ತಟ್ಟೆ ಹಿಡಿದು ನಿಂತಿದ್ದರು. ಕನ್ನಡಕ ಜೇಬಿನಿಂದ ಹಾಳೆ ತೆಗೆದ. ನನ್ನ ಪಟ್ಟಿಯ ನಕಲು. ಗಂಜಿಯ ಕಲೆಯೂ ನಕಲಿನಲ್ಲಿ ಬಂದಿದೆ. ನನ್ನ ಅಕ್ಷರ ದುಂಡಗಿದೆ ನೋಡು, ಎಲ್ಲೂ ತಡವರಿಸದೆ ಒಂದೊಂದೇ ಹೆಸರು ಕೂಗಿದ. ಹೆಸರು ಕೂಗಿದವರಿಗೆ ಮೊದಲು ಬಡಿಸುತ್ತಾರೆ ಅಂದುಕೊಂಡು ಗಾರೆಯವಳು ಸೆರಗಿನಲ್ಲಿ ತಟ್ಟೆ ಒರೆಸಿಕೊಂಡು, ಮಗಳನ್ನು ಮುಂದೆ ತಳ್ಳಿಕೊಂಡು ಬಂದಳು. ನನ್ನ ಕಡೆ ನೋಡಿ ನಕ್ಕಳು ಕೂಡ. ನಲವತ್ತೊಂದು ಮನೆಯವರೂ ಒಂದು ಕಡೆ ನಿಂತ ಮೇಲೆ ಗೇಟು ತೋರಿಸಿದ.

ಬೇಳೆ ಹಿಂದಿನ ದಿನವೇ ನೆನೆದಿತ್ತು, ಎಲ್ಲರ ಲೆಕ್ಕಕ್ಕೇ ಬೇಯಿಸಿದ್ದೆ. ಅರ್ಧ ಹಂಡೆ ಮಿಕ್ಕಿತು. ಮಿಕ್ಕಿದ್ದನ್ನು ಯಾರಿಗೂ ಕೊಡುವಂತಿಲ್ಲ, ಚೆಲ್ಲಬೇಕು, ಅದೂ ಆದೇಶದಲ್ಲಿದೆ ಅಂದ. ಹಂಡೆಯ ಒಂದು ಕಿವಿ ನಾನು ಹಿಡಿದೆ, ಇನ್ನೊಂದನ್ನು ಒಲೆ ಉರಿಸುವವಳು ಹಿಡಿದಳು. ಚರಂಡಿಗೆ ಸುರಿದೆವು. ಕಂಬಿಯಾಚೆ ಅವರೆಲ್ಲ ನಿಂತು ನೋಡುತ್ತಿದ್ದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಈಗ ಮೂರು ದಿನವಾಯಿತು, ಆ ಚರಂಡಿ ಹುಳಿನಾತ ಹೊಡೆಯುತ್ತಿದೆ, ನೊಣ ಮುತ್ತಿದೆ. ನನ್ನ ಕೈಯೂ ಅದೇ ವಾಸನೆ. ಸೋಪು ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ, ಹೋಗಲಿಲ್ಲ.

ಒಳಗೆ ಕೂತ ಇಲ್ಲಿಯವರಿಗೆ ಗಂಟಲಲ್ಲಿ ಅನ್ನ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು. ಇವತ್ತು ಗಂಜಿ ಗಟ್ಟಿಯಾಗಿದೆ ಅಂದವರೂ ಇದ್ದರು. ಸೌಟು ತಿರುಗಿಸಿ ತಲೆಗೆ ಒಂದು ಬಿಡಬೇಕು ಅನ್ನಿಸಿತು. ಬಿಡಲಿಲ್ಲ. ಬಡಿಸಿದೆ.

ನಿನ್ನೆ ಒಂದು ಮೇಕೆ ಬಂದು ನೋಟಿಸನ್ನು ಅರ್ಧ ತಿಂದು ಹೋಯಿತು. ಅಂಟಿನ ರುಚಿಗೆ ಬಂದಿರಬೇಕು. ಅದನ್ನು ಯಾರೂ ಎಲ್ಲಿ ಹುಟ್ಟಿದ್ದು ಎಂದು ಕೇಳಲಿಲ್ಲ.

ಈಗ ಒಂದು ಪ್ರಶ್ನೆ. ಸುತ್ತು ಬಳಸದೆ ಉತ್ತರ ಬರೆ. ಫಾರಂ ಕಳಿಸುವಾಗಲೇ ಇದು ಯಾತಕ್ಕೆ ಎಂದು ನಿನಗೆ ಗೊತ್ತಿತ್ತೇ?

ಅಕ್ಕ

*

ಮಾರ್ಚ್ ೧೫

ಅಕ್ಕಾ,

ನಿನ್ನ ಸಿಟ್ಟು ನನಗೆ ಹೊಸದಲ್ಲ. ಆದರೆ ಸಿಟ್ಟಿನಲ್ಲಿ ಎರಡು ವಿಷಯ ಮರೆಯಬೇಡ.

ಉಗ್ರಾಣದಲ್ಲಿ ಇರುವುದು ಇಷ್ಟೇ. ಕೇಳುವವರು ವರ್ಷ ವರ್ಷಕ್ಕೂ ಹೆಚ್ಚುತ್ತಿದ್ದಾರೆ. ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕು. ಮನೆಗೆ ಮೊದಲು, ಆಮೇಲೆ ಬೀದಿಗೆ ಎಂದು ನೀನೇ ಹೇಳಿ ಬೆಳೆಸಿದವಳು. ಹಸಿವು ಏನೆಂದು ನನಗೆ ಗೊತ್ತಿಲ್ಲವೇ? ನಾನೂ ನೀರಿನ ಟ್ಯಾಂಕಿನ ಹಿಂದೆ, ತಗಡಿನ ಕೆಳಗೆ ಹುಟ್ಟಿದವನು. ಅದನ್ನು ಎಂದೂ ಮುಚ್ಚಿಟ್ಟಿಲ್ಲ, ಸಭೆಗಳಲ್ಲೂ ಹೇಳುತ್ತೇನೆ. ಇಲ್ಲಿ ಹುಟ್ಟಿ ಹಸಿದವರಿಗೆ ಮೊದಲು ಸಿಗಲಿ ಎಂದೇ ಈ ಆದೇಶ.

ಆಕ್ಷೇಪಣೆ ಇದ್ದವರು ಏಪ್ರಿಲ್ ೩೦ರ ಒಳಗೆ ಬರೆದು ಕೊಡಬಹುದು. ಅಂದು ವಿಚಾರಣೆ ಇದೆ. ಅಲ್ಲಿಯವರೆಗೆ ಕಚೇರಿಯ ವಿಳಾಸಕ್ಕೆ ಇಂಥ ಪತ್ರ ಬರೆಯಬೇಡ, ಮನೆಗೆ ಬರೆ. ಇಲ್ಲಿ ಎಲ್ಲ ಲಕೋಟೆಯನ್ನೂ ಒಡೆದು ನೋಡುತ್ತಾರೆ.

ನಿನ್ನ ತಮ್ಮ

*

ಮಾರ್ಚ್ ೨೨

ಗುಬ್ಬೀ,

ಒಂದು ಪ್ರಶ್ನೆ ಕೇಳಿದ್ದೆ. ನೀನು ಎರಡು ವಿಷಯ ಹೇಳಿದೆ. ಉತ್ತರ ಮಾತ್ರ ಇಲ್ಲ. ಇರಲಿ, ಅದೇ ಉತ್ತರ ಎಂದುಕೊಂಡೆ.

ಉಗ್ರಾಣದ ಕಥೆ ನನಗೆ ಹೇಳಬೇಡ. ನಿನ್ನ ಉಗ್ರಾಣಕ್ಕೆ ನಾನು ಪ್ರತಿ ತಿಂಗಳೂ ಹೋಗುತ್ತೇನೆ. ಹಿಂದಿನ ಗೋಡೆಯ ಕಡೆ ಹುಳು ಹಿಡಿದು ಕಪ್ಪಾದ ಚೀಲಗಳಿವೆ, ಇಲಿ ಹಿಕ್ಕೆಯಲ್ಲಿ ಕಾಲು ಹೂತುಹೋಗುತ್ತದೆ. ಇಲಿಗೆ ಉಂಟು, ಹುಳುವಿಗೆ ಉಂಟು, ಮೇಕೆಗೆ ಉಂಟು, ಚರಂಡಿಗೂ ಉಂಟು. ಗಾರೆಯವಳಿಗೆ ಮಾತ್ರ ಗೆರೆ. ಅವಳು ಉಪ್ಪು ಕೊಂಡರೂ ಸೋಪು ಕೊಂಡರೂ ನಿನ್ನ ಸರ್ಕಾರ ತೆರಿಗೆ ತೆಗೆದುಕೊಳ್ಳುತ್ತದಲ್ಲ, ಆಗ ಕೇಳುತ್ತದೆಯೇ ಎಲ್ಲಿ ಹುಟ್ಟಿದೆ ಎಂದು? ದುಡಿಯುವ ಕೈ ಬೇಕು, ಆ ಕೈಯ ಮೇಲಿನ ಹೊಟ್ಟೆ ಬೇಡ. ಹೇಸಿಗೆ. ಮನೆಗೆ ಮೊದಲು ಅಂದೆನಲ್ಲ, ನಿಜ. ನಮ್ಮ ಗೋಡೆ ಕಟ್ಟಿದವರು ಮನೆಯವರಲ್ಲದೆ ಇನ್ನೇನು, ನೆಂಟರೇ?

ಗಾರೆಯವಳು ನಿನ್ನೆ ಕಂಬಿಯ ಹತ್ತಿರ ಬಂದಳು. ಮೂರು ವಾರದಲ್ಲಿ ಕೆನ್ನೆ ಎಲುಬು ಎದ್ದಿದೆ. ಮಗಳನ್ನು ಕಂಬಿಯ ಸಂದಿಯಿಂದ ಒಳಗೆ ತಳ್ಳಿದಳು. ಅಷ್ಟು ಸಣ್ಣಗಾಗಿದೆ ಮಗು, ಸಂದಿಯಲ್ಲಿ ನುಸುಳಿ ಬಂತು.

“ನನ್ನದು ಹೋಗ್ಲಿ ಅಕ್ಕಾ. ಇವಳು ಇಲ್ಲೇ ಹುಟ್ಟಿದ್ದು ಅಂತ ಬರ್ಕೊಳ್ಳಿ. ಒಂದು ಅಕ್ಷರ ತಾನೆ.”

ನಾನು ಕನ್ನಡಕನ ಹತ್ತಿರ ಹೋಗಿ, ಆ ಮಗುವಿನದು ನನ್ನ ತಪ್ಪು, ಬರೆಯುವಾಗ ಕೈತಪ್ಪಿ ಹೋಗಿದೆ ಅಂದೆ. ಅವನು ಹಾಳೆ ತೆಗೆದು ನನ್ನ ಮೂಗಿನ ಮುಂದೆ ಹಿಡಿದ. “ಇಷ್ಟು ದುಂಡಗೆ ಬರೆದವರಿಗೆ ಕೈ ತಪ್ಪುತ್ತೇನಮ್ಮ?” ಅಂದ. ಮಗುವನ್ನು ಸಂದಿಯಿಂದ ವಾಪಸು ಕಳಿಸಿದೆ. ನಾನೇ ತಳ್ಳಿದೆ.

ಗುಬ್ಬೀ, ಈಗ ಬರೆಯುವುದನ್ನು ಕೂತು ಓದು.

ಇದೇ ಮಾತನ್ನು ನಾನು ಒಂದು ಸಲ ಆಡಿದ್ದೇನೆ. ನಿನಗೆ ಆಗ ಐದು ವರ್ಷ, ನನಗೆ ಹದಿಮೂರು. ನಿನ್ನನ್ನು ಶಾಲೆಗೆ ಸೇರಿಸಲು ಹೋಗಿದ್ದೆ. ಶಾಲೆಯಲ್ಲಿ ಸೇರಿದವರಿಗೆ ಮಧ್ಯಾಹ್ನ ಊಟ ಹಾಕುತ್ತಿದ್ದರು, ಈ ಊರಲ್ಲಿ ಹುಟ್ಟಿದವರಿಗೆ ಮಾತ್ರ. ಹೆಡ್‌ಮಾಸ್ತರು ಎಲ್ಲಿ ಹುಟ್ಟಿದ್ದು ಎಂದು ಕೇಳಿದರು. ಇಲ್ಲೇ, ನೀರಿನ ಟ್ಯಾಂಕಿನ ಹಿಂದೆ ಅಂದೆ. ಹಾಗೆ ಹೇಳಲು ಕಲಿಸಿದವಳು ಆಗ ಕೇಂದ್ರದಲ್ಲಿ ಸೌಟು ಹಿಡಿಯುತ್ತಿದ್ದ ಮುದುಕಿ. ಟ್ಯಾಂಕಿನ ಹಿಂದೆ ಯಾರೂ ಇರುವುದಿಲ್ಲ, ನಿನ್ನನ್ನು ಸುಳ್ಳಿ ಅನ್ನುವವರು ಸಿಗುವುದಿಲ್ಲ ಎಂದಿದ್ದಳು. ಮಾಸ್ತರು ಬರೆದುಕೊಂಡರು. ಆ ಬರಹದ ಮೇಲೆ ನೀನು ಓದಿದೆ, ಪರೀಕ್ಷೆ ಕಟ್ಟಿದೆ, ಕುರ್ಚಿ ಹತ್ತಿದೆ.

ನೀನು ಹುಟ್ಟಿದ್ದು ಗಡಿಯಾಚೆ. ನಾಲ್ಕು ತಿಂಗಳ ಕೂಸಾಗಿ ಉಪ್ಪಿನ ಲಾರಿಯಲ್ಲಿ ಬಂದೆ. ಮೂಟೆಗಳ ನಡುವೆ ಅವ್ವ, ಅವ್ವನ ಮಡಿಲಲ್ಲಿ ನೀನು, ಪಕ್ಕದಲ್ಲಿ ಎಂಟು ವರ್ಷದ ನಾನು. ಅವ್ವನಿಗೆ ಹಾಲು ಬತ್ತಿತ್ತು. ನೀನು ಚೀಲಕ್ಕೆ ಬಾಯಿ ಹಾಕಿ ಉಪ್ಪು ನೆಕ್ಕುತ್ತಿದ್ದೆ, ಬಾಯಿ ಬಿರಿದು ಕಿರುಚುತ್ತಿದ್ದೆ. ಇಲ್ಲಿ ಇಳಿದ ದಿನ ಇದೇ ಕೇಂದ್ರದ ಮುಂದೆ ನಿಂತೆವು. ಮುದುಕಿ ನಮ್ಮನ್ನು ಏನೂ ಕೇಳಲಿಲ್ಲ. ತಿಳಿಗಂಜಿಯನ್ನು ಬಟ್ಟೆಯಲ್ಲಿ ಅದ್ದಿ ನಿನ್ನ ಬಾಯಿಗೆ ಹಿಂಡಿದಳು. ಗುಬ್ಬಿಯ ಹಾಗೆ ಕುಡೀತಾನೆ ನೋಡು ಅಂದಳು. ಹೆಸರು ಹಾಗೇ ಉಳಿಯಿತು. ಮರು ವರ್ಷ ಅವ್ವ ಹೋದಳು. ನನ್ನ ಮಾತಿನ ಎಳೆತ ಹೋಗಲು ಇನ್ನೂ ಎರಡು ವರ್ಷ ಬೇಕಾಯಿತು. ಹುಡುಗರು ಅಣಕಿಸುತ್ತಿದ್ದರು, ಬಾಯಿ ಮುಚ್ಚಿಕೊಂಡು ಕಲಿತೆ.

ನಿನಗೆ ಎಂದೂ ಹೇಳಲಿಲ್ಲ. ಹೇಳಿದ್ದರೆ ನೀನು ತಲೆ ತಗ್ಗಿಸಿ ನಡೆಯುತ್ತಿದ್ದೆ. ತಲೆ ಎತ್ತಿ ನಡೆಯಲಿ ಎಂದು ಬಿಟ್ಟೆ. ಅಷ್ಟು ಎತ್ತುತ್ತೀಯ, ಕಾಲಿನ ಹತ್ತಿರ ಇರುವವರು ಕಾಣದಷ್ಟು ಎತ್ತುತ್ತೀಯ ಎಂದು ತಿಳಿಯಲಿಲ್ಲ.

ನಿನ್ನನ್ನು ಬೈಯುವುದಕ್ಕಿಂತ ಹೆಚ್ಚು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಆ ಕಾಲಮ್ಮು ಕಂಡ ಕೂಡಲೇ ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ಐವತ್ತು ವರ್ಷ ಇಲ್ಲಿಯವಳಾಗಿ ಕೊಬ್ಬಿ, ಹೆದರಿಕೆ ಮರೆತಿದ್ದೆ. ಅವರು ಹೆದರಿದರು, ನಾನು ಬೈದು ಕೂರಿಸಿದೆ. ನನ್ನ ತಮ್ಮನಿಗೆ ಸುಳ್ಳು, ಅವಳ ಮಗಳಿಗೆ ದುಂಡಗಿನ ನಿಜ. ಥೂ.

ಇದರೊಳಗೆ ಖಾಲಿ ಫಾರಂ ಒಂದಿದೆ. ನಲವತ್ತೆರಡನೆಯದು ಎಂದು ಮಾತ್ರ ಬರೆದಿದ್ದೇನೆ. ಉಳಿದದ್ದು ನೀನು ತುಂಬು, ಇಲ್ಲ ಹರಿದು ಒಲೆಗೆ ಹಾಕು. ನಾನು ತುಂಬುವುದಿಲ್ಲ. ಒಬ್ಬರ ಹುಟ್ಟನ್ನು ಇನ್ನೊಬ್ಬರು ಬರೆದರೆ ಏನಾಗುತ್ತದೆ ಎಂದು ನೋಡಿ ಸಾಕಾಗಿದೆ.

ಅಕ್ಕ

*

ಏಪ್ರಿಲ್ ೧೪

ಗುಬ್ಬೀ,

ಇಪ್ಪತ್ತಮೂರು ದಿನವಾಯಿತು. ನಿನ್ನ ಕಡೆಯಿಂದ ಒಂದು ಗೆರೆ ಇಲ್ಲ.

ನನ್ನ ಆಕ್ಷೇಪಣೆ ಬರೆದು ಕನ್ನಡಕನ ಕೈಗೆ ಕೊಟ್ಟಿದ್ದೇನೆ. ಆರು ಸಾಲು. ಸರ್ಕಾರ ಹಾಕುವ ಊಟ ಹಸಿದು ಬಂದವರಿಗೆಲ್ಲ ಹಾಕಬೇಕು, ಹುಟ್ಟಿದ ಜಾಗ ಕೇಳಿ ಬಡಿಸುವುದು ನನ್ನಿಂದಾಗದು ಎಂದು. ಅವನು ಓದಿ, ಕೆಲಸದ ಮೇಲೆ ಆಸೆ ಇಲ್ಲವೇ ಎಂದು ಕೇಳಿದ. ಇದೆ ಅಂದೆ. ಇರುವುದಕ್ಕೇ ಬರೆದದ್ದು.

ನನ್ನ ಪಾಲಿನ ತಟ್ಟೆಯನ್ನು ಈಗ ಮನೆಗೆ ಒಯ್ದು ಎರಡು ಜಡೆಯವಳಿಗೆ ಕೊಡುತ್ತಿದ್ದೇನೆ. ಅದಕ್ಕೂ ಕಣ್ಣು ಹಾಕಿದ್ದಾನೆ. ಕೆಲಸದವರ ಊಟ ಕೆಲಸದವರೇ ಉಣ್ಣಬೇಕಂತೆ, ಅವನ ಎದುರಿಗೇ. ನಾಳೆಯಿಂದ ನಾನು ಅಗಿಯುವುದನ್ನು ಕುರ್ಚಿ ಹಾಕಿ ಕೂತು ನೋಡುತ್ತಾನಂತೆ. ಎಂಥ ಉದ್ಯೋಗ ಅವನದು, ಎಂಥ ಓದು ಓದಿದನೋ.

ಮಗು ಒಂದು ದಿನ ನನ್ನನ್ನು ಕೇಳಿತು, ಹುಟ್ಟುವಾಗ ಎಲ್ಲಿ ಅಂತ ನೋಡ್ಕೊಂಡು ಹುಟ್ಟಬೇಕಿತ್ತಾ ಎಂದು. ನಿನ್ನ ಇಲಾಖೆಯಲ್ಲಿ ಇದಕ್ಕೆ ಉತ್ತರ ಕೊಡುವವರು ಇದ್ದರೆ ಕೇಳಿ ತಿಳಿಸು.

ಅಕ್ಕ

*

ಮೇ ೨

ಅಕ್ಕಾ,

ನಿನ್ನ ಮೊದಲ ಪ್ರಶ್ನೆಗೆ ಉತ್ತರ. ಹೌದು, ಗೊತ್ತಿತ್ತು. ಫಾರಂ ಮಾಡಿದವನೇ ನಾನು. ನೀನು ಕೇಳಿದರೆ ಅವರು ನಿಜ ಹೇಳುತ್ತಾರೆ ಎಂದೂ ಗೊತ್ತಿತ್ತು. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು.

ಆ ಖಾಲಿ ಫಾರಂ ಹಲವು ದಿನ ಕೋಟಿನ ಜೇಬಿನಲ್ಲಿತ್ತು. ಎರಡು ಸಲ ಒಲೆಯ ತನಕ ಹೋಯಿತು. ಹೆಂಡತಿ ನೋಡಿ, ಏನದು ಎಂದಳು. ನಿನ್ನ ಪತ್ರ ಓದಿ ಹೇಳಿದೆ. “ನೀವು ಉಪ್ಪು ಜಾಸ್ತಿ ಕೇಳೋದು ಇದಕ್ಕೇನಾ?” ಅಂದಳು. ಅಷ್ಟೇ ಅಂದಳು.

ಮೊನ್ನೆ ವಿಚಾರಣೆಯಲ್ಲಿ ನಿನ್ನ ಆರು ಸಾಲನ್ನು ಮೊದಲು ಓದಿದೆ. ಯಾರೂ ತಲೆ ಎತ್ತಲಿಲ್ಲ. ಆಮೇಲೆ ನಲವತ್ತೆರಡನೆಯ ಫಾರಂ ಓದಿದೆ. ನನ್ನ ಹೆಸರು, ನನ್ನ ಹುದ್ದೆ, ಹುಟ್ಟಿದ್ದು ಗಡಿಯಾಚೆ, ಮೊದಲ ಊಟ ಸರ್ಕಾರಿ ಗಂಜಿ ಕೇಂದ್ರದಲ್ಲಿ. ಸಾಹೇಬರು ನಕ್ಕರು, ಎಲ್ಲರೂ ನಕ್ಕರು. ತಮಾಷೆ ಸಾಕು ಎಂದರು. ಇನ್ನೊಂದು ಸಲ ಓದಿದೆ. ಆಗ ನಗಲಿಲ್ಲ. ನನ್ನ ಮುಂದೆ ಚಹಾ ಇಟ್ಟಿದ್ದರು, ಮುಟ್ಟಿರಲಿಲ್ಲ. ಯಾರೋ ಬಂದು ಆ ಕಪ್ಪನ್ನು ಎತ್ತಿಕೊಂಡು ಹೋದರು.

ನಲವತ್ತೊಂದು ಮನೆಯವರನ್ನು ಹೊರಗೆ ಹಾಕುವ ಹಾಳೆಗೆ ಸಹಿ ಮಾಡಿದ ದಿನ ಮನೆಗೆ ಹೋಗಿ ಎಂದಿನಂತೆ ಉಂಡಿದ್ದೆ ಅಕ್ಕಾ. ಆ ಕಪ್ಪು ಹೋದಾಗ ಬಾಗಿಲ ತನಕ ಅದನ್ನೇ ನೋಡುತ್ತ ಕೂತೆ. ನಾನು ಎಂಥವನು ಎಂದು ಅಲ್ಲಿ ತಿಳಿಯಿತು.

ಕೆಲಸದಿಂದ ಸದ್ಯಕ್ಕೆ ಇಳಿಸಿದ್ದಾರೆ. ಸರ್ಕಾರಿ ಮನೆ ಬಿಡಲು ಹತ್ತು ದಿನ ಕೊಟ್ಟಿದ್ದಾರೆ. ಎಲ್ಲಿಗೆ ಹೋಗುವುದು ಎಂದು ತೋಚುತ್ತಿಲ್ಲ. ಅಲ್ಲಿಗೆ ಬಾ ಎನ್ನುತ್ತೀಯಾ ಎಂದು ಕೇಳುವ ಮುಖವೂ ನನಗಿಲ್ಲ.

ಗುಬ್ಬಿ

*

ಮೇ ೯

ಗುಬ್ಬೀ,

ಎಷ್ಟೋ ವರ್ಷದ ಮೇಲೆ ಗುಬ್ಬಿ ಎಂದು ನೀನೇ ಬರೆದುಕೊಂಡಿದ್ದೀಯ. ಅಕ್ಷರ ಮಾತ್ರ ಇನ್ನೂ ಕಾಗೆ ಕಾಲು.

ಇಲ್ಲಿಯ ಸುದ್ದಿ ಕೇಳು. ಆದೇಶಕ್ಕೆ ಆರು ತಿಂಗಳು ತಡೆ ಬಂದಿದೆ. ಹೊರಗಿನವನು ಸಹಿ ಹಾಕಿದ ಆದೇಶ ಇಲ್ಲಿಯವರ ಮೇಲೆ ನಡೆಯುತ್ತದೆಯೋ ಇಲ್ಲವೋ ಎಂದು ನಿನ್ನ ಸಾಹೇಬರಿಗೇ ತಲೆ ಕೆಟ್ಟಿದೆಯಂತೆ. ಹಸಿದವರ ಮುಖ ನೋಡಿ ತಡೆಯಲಿಲ್ಲ, ಕಾಗದದ ಮುಖ ನೋಡಿ ತಡೆದರು. ಅದಕ್ಕೂ ಅಂಟು ಕಾಯಿಸಿಕೊಡಿ ಎಂದು ಕನ್ನಡಕ ಬಂದ. ಉಗುಳು ಹಚ್ಚಿ ಅಂಟಿಸಿಕೋ ಅಂದೆ. ಮೊಳೆ ಹೊಡೆದ, ಗೋಡೆಯ ಗಾರೆ ಎದ್ದು ಬಂತು.

ಸಂತೋಷಪಡಬೇಡ. ನಲವತ್ತೊಂದರಲ್ಲಿ ಇಪ್ಪತ್ತೊಂಬತ್ತು ಮನೆಯವರು ಬಂದರು. ಹನ್ನೆರಡು ಶೆಡ್ಡು ಖಾಲಿ ಬಿದ್ದಿವೆ. ಎಲ್ಲಿಗೆ ಹೋದರು ಎಂದು ಯಾರಿಗೂ ಗೊತ್ತಿಲ್ಲ, ಆ ಏರು ಹತ್ತಿ ನೋಡಿ ಬಂದೆ. ಆರು ತಿಂಗಳು ಕಳೆದ ಮೇಲೆ ಏನು ಎಂದು ಬಂದವರಿಗೂ ಗೊತ್ತಿಲ್ಲ.

ಗಾರೆಯವಳು ಬಂದಳು. ತಟ್ಟೆ ನೀಡಿದಳು, ಮುಖ ನೋಡಲಿಲ್ಲ, ಅಕ್ಕಾ ಎನ್ನಲಿಲ್ಲ. ನನಗೆ ಸಲ್ಲಬೇಕಾದದ್ದೇ ಅದು. ತಳದಿಂದ ಗಟ್ಟಿಯದು ಎತ್ತಿ ಹಾಕಿದೆ. ಅವಳ ಹಿಂದೆ ನಿಂತಿದ್ದ ಒಬ್ಬ ಗಾಡಿ ಎಳೆಯುವವನು, ಇಲ್ಲಿಯವನೇ, ಇವರೆಲ್ಲ ಎಲ್ಲಿಯವರೋ ಏನೋ ಎಂದು ಗೊಣಗಿದ. ಎರಡು ಜಡೆಯವಳು ತಿರುಗಿ ನೋಡಿ, “ಟ್ಯಾಂಕಿನ ಹಿಂದಿನವರು” ಅಂದಳು. ನಾನು ಅವಳಿಗೆ ನಿನ್ನ ಕಥೆ ಹೇಳಿದ್ದೆ. ಗಾಡಿಯವನು ಹೌದೇನೋ ಎಂದು ತಟ್ಟೆ ಮುಂದೆ ಹಿಡಿದ. ಟ್ಯಾಂಕಿನ ಹಿಂದೆ ಏನಿದೆ ಎಂದು ಈ ಊರಲ್ಲಿ ಇಂದಿಗೂ ಯಾರೂ ಹೋಗಿ ನೋಡಿಲ್ಲ.

ಮನೆ ಇಲ್ಲ, ಎಲ್ಲಿಗೆ ಹೋಗಲಿ ಎಂದು ಬರೆದಿದ್ದೀಯ. ಇಂಥ ಪ್ರಶ್ನೆ ಅಕ್ಕನಿಗೆ ಕೇಳುವವನ ಕಪಾಳಕ್ಕೆ ಬಿಗಿಯಬೇಕು. ಹೆಂಡತಿಯನ್ನು ಕರೆದುಕೊಂಡು ಬಾ. ಕೋಣೆ ಒಂದೇ, ಮಲಗುವಾಗ ಕಾಲು ಮಡಿಸಬೇಕು. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ, ಹೋಗುವುದೂ ಇಲ್ಲ, ಅದನ್ನೂ ಕೂಡಿಸಿಕೊಂಡೇ ಇರೋಣ.

ಒಂದು ಮಾತು. ಮಧ್ಯಾಹ್ನದ ಬಸ್ಸಿಗೆ ಬಂದರೆ ಹಿಂಬಾಗಿಲಿಂದ ಅಡುಗೆಮನೆಗೆ ನುಗ್ಗಬೇಡ. ಗೇಟಿನ ಹತ್ತಿರ ತಟ್ಟೆ ಇಟ್ಟಿರುತ್ತಾರೆ, ಒಂದು ತೆಗೆದುಕೊಂಡು ಗಾರೆಯವಳ ಹಿಂದೆ ನಿಲ್ಲು. ಅವಳು ನೀನು ಯಾರು ಎಂದು ಕೇಳಿದರೆ ನಿಜ ಹೇಳು, ಏನಂದರೂ ಅನ್ನಿಸಿಕೋ. ನಿನ್ನ ಸರದಿ ಬಂದಾಗ ನಾನು ಬಡಿಸುತ್ತೇನೆ. ಏನೂ ಕೇಳುವುದಿಲ್ಲ.

ಅಕ್ಕ